ರೌಶನ್‌ಳ ಎಡಗಣ್ಣು

ಕರಗಂಡ ನಗರದ ಬಸ್ ಡಿಪೋದಲ್ಲಿ ಹದಿನೆಂಟು ವರ್ಷ ಬಸ್ಸು ಓಡಿಸಿದ ರೌಶನ್‌ಳ ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ನಾಲ್ಕು ವರ್ಷದ ಹಿಂದೆ ಮುಖದ ಒಂದು ಪಕ್ಕಕ್ಕೆ ಲಕ್ವಾ ಹೊಡೆದಾಗ ಉಳಿದುಹೋದ ಗುರುತು ಅದು. ದೃಷ್ಟಿಗೇನೂ ಕುಂದಿರಲಿಲ್ಲ, ವರ್ಷವರ್ಷವೂ ವೈದ್ಯರು ನೋಡಿ ಸಹಿ ಹಾಕುತ್ತಿದ್ದರು.

ಆ ವರ್ಷ ಬಸ್ಸುಗಳಿಗೆಲ್ಲ ಹೊಸ ಯಂತ್ರ ಬಂತು. ಎಲ್ಲಿ ಜನ ಹೆಚ್ಚು, ಯಾವ ಬಸ್ಸು ತಡ ಎಂದು ಅದೇ ಅಂದಾಜು ಮಾಡಿ ಬಸ್ಸು ಕಳಿಸುತ್ತಿತ್ತು. ಮೈನಸ್ ಮೂವತ್ತರ ಚಳಿಯಲ್ಲಿ ಜನ ಮರಗಟ್ಟಿ ನಿಲ್ಲುವುದು ತಪ್ಪಿತು. ಚಾಲಕರ ಎದುರಿಗೂ ಒಂದು ಪುಟ್ಟ ಕ್ಯಾಮೆರಾ, ತೂಕಡಿಸಿದರೆ ಕೂಗುತ್ತಿತ್ತು. ಮೊದಲ ತಿಂಗಳಲ್ಲೇ ಸೇತುವೆಯ ಮೇಲೆ ಕಣ್ಣು ಮುಚ್ಚಿದ ಚಾಲಕ ಎರ್ಮೆಕ್‌ನನ್ನು ಎಬ್ಬಿಸಿ, ಅವನನ್ನೂ ನಲವತ್ತು ಜನರನ್ನೂ ಉಳಿಸಿತು. ಎರ್ಮೆಕ್‌ಗೆ ಕೆಲಸ ಕಲಿಸಿದವಳೇ ರೌಶನ್. ಹಾಗಾಗಿ ಯಂತ್ರದ ವಿರುದ್ಧ ಅವಳೂ ಚಕಾರವೆತ್ತಲಿಲ್ಲ.

ಆದರೆ ಅವಳ ಬಸ್ಸಿನಲ್ಲಿ ಅದು ನಿಲ್ದಾಣಕ್ಕೊಮ್ಮೆ ಕೂಗತೊಡಗಿತು. ಒಂದು ಬೆಳಗ್ಗೆ ಕೂಸನ್ನೆತ್ತಿಕೊಂಡಿದ್ದ ಹೆಂಗಸೊಬ್ಬಳು ಹೆದರಿ, ನಡುದಾರಿಯಲ್ಲೇ ಬಸ್ಸು ನಿಲ್ಲಿಸಿ ಹಿಮದಲ್ಲಿ ಇಳಿದುಹೋದಳು. ರೌಶನ್‌ಗೆ ನಾಚಿಕೆಯಾಯಿತು. ಮರುದಿನ ರೆಪ್ಪೆಯನ್ನು ಮೇಲೆತ್ತಿ ಪ್ಲಾಸ್ಟರ್ ಅಂಟಿಸಿಕೊಂಡಳು. ಕಣ್ಣು ಒಣಗಿ ನೀರು ಸುರಿದು ರಸ್ತೆಯೇ ಮಸುಕಾದಾಗ ಕಿತ್ತೆಸೆದಳು.

"ನಿನ್ನೆ ನಲವತ್ತೊಂದು ಸಲ ನಿದ್ದೆ ಮಾಡಿದ್ದೀಯಂತೆ ಕಣೇ," ಎಂದಳು ನಿಯಂತ್ರಣ ಕೋಣೆಯ ಗೆಳತಿ ಕುಲ್ಯಾಶ್.

"ಮನೇಲಿ ಅಷ್ಟು ನಿದ್ದೆ ಬಂದಿದ್ರೆ ಸಾಕಿತ್ತು. ಅಳಿಸಿ ಹಾಕು."

"ನನ್ನ ಕೈಲಿಲ್ಲ. ಸೀದಾ ಮೇಲಕ್ಕೆ ಹೋಗತ್ತೆ."

ವೈದ್ಯರ ಮಂಡಳಿ ಈ ಸಲ ಅವಳ ಕಣ್ಣನ್ನು ನೋಡಲೇ ಇಲ್ಲ. ಯಂತ್ರದ ಪಟ್ಟಿ ನೋಡಿ 'ಚಾಲನೆಗೆ ಅನರ್ಹ' ಎಂದು ಬರೆಯಿತು. ಡಿಪೋದ ಮುಖ್ಯಸ್ಥ ಬೈಗಾಲಿ ಒಳ್ಳೆಯವನು. ಅವಳನ್ನು ಮನೆಗೆ ಕಳಿಸದೆ ಒಳಗೆ ಕೂರಿಸಿದ. ಯಂತ್ರ ಹಿಡಿದು ಕಳಿಸಿದ ಚಾಲಕರ ಮುಖಗಳನ್ನು ನೋಡಿ, ನಿದ್ದೆಯೋ ಅಲ್ಲವೋ ಎಂದು ಗುಂಡಿ ಒತ್ತುವ ಕೆಲಸ. ಯಂತ್ರ ಅದರಿಂದಲೇ ಕಲಿಯುತ್ತದಂತೆ. ಮೊದಲ ವಾರ ಪರದೆಯ ತುಂಬ ಅವಳದೇ ಮುಖ. ನಿದ್ದೆಯಲ್ಲ, ನಿದ್ದೆಯಲ್ಲ ಎಂದು ಒತ್ತುತ್ತಲೇ ಹೋದಳು.

ಮಾರ್ಚ್ ಹೊತ್ತಿಗೆ ಯಂತ್ರ ಕಲಿತಿತ್ತು. ಜೋಲುರೆಪ್ಪೆಯನ್ನು ಅದು ಇನ್ನು ನಿದ್ದೆಯೆಂದು ತಿಳಿಯುವುದಿಲ್ಲ ಎಂದು ಕುಲ್ಯಾಶ್ ಹೇಳಿದ ಕೂಡಲೇ ರೌಶನ್ ಬೈಗಾಲಿಯ ಕೋಣೆಗೆ ಹೋದಳು.

"ಅಣ್ಣಾ, ನಾನು ಮಲಗಿರ್ಲಿಲ್ಲ ಅಂತ ಈಗ ಅದೇ ಒಪ್ಕೊಂಡಿದೆ. ನನ್ನ ಬಸ್ಸು ಕೊಡಿ."

ಬೈಗಾಲಿ ಬಹಳ ಹೊತ್ತು ಚಹಾ ಕಲಕಿದ.

"ಯಂತ್ರ ತಿದ್ಕೊಳ್ತು ತಂಗಿ. ಮಂಡಳಿಯವ್ರು ತಿದ್ಕೊಳ್ಳಲ್ಲ. ಅನರ್ಹ ಅಂತ ಬರೆದಿದ್ದನ್ನ ವಾಪಸ್ ತಗೊಳ್ಳೋ ನಮೂನೆನೇ ಇಲ್ವಂತೆ. ಮೂರು ಸಲ ಬರೆದೆ."

"ಅದಕ್ಕೆ ಕಲಿಸಿದ್ದು ನಾನು."

"ಗೊತ್ತು," ಎಂದು ಅವನು ಕಿಟಕಿಯ ಕಡೆ ತಿರುಗಿದ.

ಸಂಜೆ ಅವಳು ತಾನೇ ಓಡಿಸುತ್ತಿದ್ದ ಬಸ್ಸು ಹತ್ತಿದಳು. ಹೇಳಿದ ನಿಮಿಷಕ್ಕೇ ಬಂತು. ಹೊಸ ಚಾಲಕಿ ತಿರುವುಗಳನ್ನು ಒರಟಾಗಿ ತೆಗೆದುಕೊಳ್ಳುತ್ತಿದ್ದಳು, ಕ್ಯಾಮೆರಾ ತೆಪ್ಪಗಿತ್ತು. ಪ್ರತಿ ತಿರುವಿನಲ್ಲೂ ರೌಶನ್‌ಳ ಬಲಗಾಲು ತಾನಾಗಿ ಬ್ರೇಕಿಗೆಂದು ನೆಲವನ್ನು ಒತ್ತುತ್ತಿತ್ತು. ಇಳಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತ್ತು.

ಮರುದಿನದಿಂದ ಅವಳು ಡಿಪೋಗೆ ನಡೆದೇ ಹೋಗತೊಡಗಿದಳು.