ಸದ್ದಿಗೆ ಒತ್ತಿದ ಬೆರಳು

"ಗದ್ದ ಇನ್ನೂ ಸ್ವಲ್ಪ ಮುಂದೆ ಇಡು, ದೊಡ್ಡಮ್ಮ."

"ಇದಕ್ಕಿಂತ ಮುಂದೆ ಇಟ್ಟರೆ ನಿನ್ನ ಯಂತ್ರ ನನ್ನನ್ನೇ ನುಂಗತ್ತೆ, ಡಾಕ್ಟರಮ್ಮ."

ಇವಳಿನ್ನೂ ಡಾಕ್ಟರಮ್ಮ ಆಗಿರಲಿಲ್ಲ. ಕಣ್ಣಿನ ನೋಟ ಅಳೆಯುವ ವಿದ್ಯೆಯಾದ ಆಪ್ಟೊಮೆಟ್ರಿಯ ಪಿಎಚ್.ಡಿ. ಪ್ರಬಂಧದಲ್ಲಿ ಕೊನೆಯ ಅಧ್ಯಾಯ ಬಾಕಿ ಇತ್ತು. ಆದರೂ ಬಟ್ಟೆ ಹೊಲಿಸಲು ಬಂದವರಿಗೆಲ್ಲ ದೊಡ್ಡಮ್ಮ ಆಗಲೇ ಹಾಗೆ ಹೇಳಿಬಿಟ್ಟಿದ್ದಳು. ಅಮ್ಮ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ ತುಳಿದು ಇವಳನ್ನು ಓದಿಸಿದವಳು ಅವಳೇ.

ಬಲಗಣ್ಣಿಗೆ ಹತ್ತಿಯ ಪಟ್ಟಿ ಅಂಟಿಸಿ, ದೊಡ್ಡಮ್ಮನ ಕೈಗೆ ಯಂತ್ರದ ಒತ್ತುಗುಂಡಿ ಕೊಟ್ಟಳು. "ಯಂತ್ರದ ಈ ಬೋಗುಣಿಯ ನಡುವಿನ ಹಳದಿ ಚುಕ್ಕೆಯನ್ನೇ ನೋಡ್ತಿರು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ..."

"ಗೊತ್ತು ಬಿಡೇ. ಟಿಕ್ ಅಂದಾಗೆಲ್ಲ ಒತ್ತಬೇಕು."

ಇವಳ ಕೈ ಅಲ್ಲೇ ನಿಂತಿತು.

ಹೋದ ವರ್ಷ ಪ್ರಬಂಧಕ್ಕೆ ಹೋಲಿಸಿ ನೋಡಲು ಬೇಕಿದ್ದ ರೋಗವಿಲ್ಲದ ಕಣ್ಣುಗಳ ಗುಂಪಿಗೆ ಒಬ್ಬರು ಕಡಿಮೆ ಬಿದ್ದಿದ್ದರು. ಗೈಡ್ ಅವಸರಪಡಿಸುತ್ತಿದ್ದರು. ಮನೆಯಲ್ಲೇ ಇದ್ದಾಳಲ್ಲ ಎಂದು ದೊಡ್ಡಮ್ಮನನ್ನು ಕರೆತಂದಿದ್ದಳು. ಅಂಚಿನಲ್ಲಿ ಮಿನುಗಿದ ಎಷ್ಟೋ ಬೆಳಕುಗಳಿಗೆ ದೊಡ್ಡಮ್ಮ ಒತ್ತಲೇ ಇಲ್ಲ. ಗಮನ ಬೇರೆಲ್ಲೋ ಇದೆ ಎಂದು ಇವಳಿಗೆ ರೇಗಿತ್ತು. ಬೆಳಕು ಜಾಗ ಬದಲಿಸುವಾಗ ಯಂತ್ರ ಸಣ್ಣಗೆ ಟಿಕ್ ಎನ್ನುತ್ತದೆ. "ಆ ಸದ್ದಿಗಾದರೂ ಒತ್ತು" ಎಂದಿದ್ದಳು. ದೊಡ್ಡಮ್ಮ ಒತ್ತಿದಳು, ಅಂಚು ಹೊಲಿದ ಹಾಗೆ, ಒಂದೂ ತಪ್ಪದೆ. ಫಲಿತಾಂಶ ನಂಬುವಂತಿಲ್ಲ ಎಂದು ಪರದೆ ಎಚ್ಚರಿಸಿತ್ತು. ಇವಳು ಅದನ್ನು ಕಡೆಗಣಿಸಿ, ಆರೋಗ್ಯವಂತ ಕಣ್ಣು ಎಂದು ಸೇರಿಸಿಕೊಂಡಿದ್ದಳು.

ಆಮೇಲೆ ದೊಡ್ಡಮ್ಮನ ಎಡ ಭುಜ ಬಾಗಿಲಿಗೆ ತಾಗತೊಡಗಿತು. "ಕಣ್ಣೇನು ಹಣೆ ಮೇಲಿದೆಯಾ?" ಎಂದು ಇವಳೇ ನಕ್ಕಿದ್ದಳು. ನಿನ್ನೆ ಎಡಗಡೆಯಿಂದ ಬಂದ ಸೈಕಲ್ ಕಾಣದೆ ಬಿದ್ದು, ಮೊಣಕೈ ತರಚಿಕೊಂಡು ಬಂದಾಗ ನಗು ಬರಲಿಲ್ಲ. ಇವತ್ತು ಬೆಳಿಗ್ಗೆ ಅಳೆದರೆ ಎಡಗಣ್ಣಿನೊಳಗಿನ ಒತ್ತಡ ವಿಪರೀತ ಏರಿತ್ತು. ಹೋದ ನೋಟ ಮರಳುವುದಿಲ್ಲ. ಉಳಿದದ್ದು ಎಷ್ಟೆಂದು ತಿಳಿದರೆ ಕಣ್ಣಿನ ಡಾಕ್ಟರು ಅದನ್ನಾದರೂ ಉಳಿಸಲು ನೋಡಬಹುದು.

"ಈ ಸಲ ಸದ್ದು ಕೇಳಿ ಒತ್ತಬೇಡ. ಬೆಳಕು ಕಂಡರೆ ಮಾತ್ರ."

"ಆವತ್ತು ನೀನೇ ಹೇಳಿದ್ದೆಯಲ್ಲೇ?"

"ತಪ್ಪು ಹೇಳಿದ್ದೆ. ಆವತ್ತೇ ನಿನ್ನ ಕಣ್ಣು ಕೆಟ್ಟಿತ್ತು, ದೊಡ್ಡಮ್ಮ. ನಾನು ನೋಡಲಿಲ್ಲ."

ದೊಡ್ಡಮ್ಮ ಬೋಗುಣಿಯೊಳಗೆ ಗದ್ದ ಸರಿಮಾಡಿಕೊಂಡಳು.

"ನಿನ್ನ ಆವತ್ತಿನ ಕೆಲಸ ಆಯ್ತಲ್ಲ?"

"ನನ್ನದು ಆಯ್ತು."

"ಹೋಗ್ಲಿ ಬಿಡು. ಇಬ್ಬರಲ್ಲಿ ಒಬ್ಬರಾದರೂ ಪಾಸಾದೆವಲ್ಲ."

ಇವಳು ಕೋಣೆಯ ದೀಪ ಆರಿಸಿದಳು. ಟಿಕ್. ಹೆಬ್ಬೆರಳು ಒತ್ತಿತು. ಟಿಕ್. ಅಲುಗಲಿಲ್ಲ. ಟಿಕ್. ಟಿಕ್. ಪರದೆಯ ಅಂಚಿನಿಂದ, ಕಣ್ಣಿಗೆ ಕಾಣದ ಜಾಗಗಳ ಕಪ್ಪು ಚೌಕಗಳು ಒಂದೊಂದಾಗಿ ಒಳಗೆ ಸರಿದು ಬಂದವು. ತಡೆದರೂ ತಡೆಯಲಾಗದೆ ಇವಳ ಮೂಗು ಸೊರ್ ಎಂದಿತು.

"ಅಳ್ತಿದ್ದೀಯೇನೇ?"

"ಶೀತ. ಮಾತಾಡಬೇಡ, ನೇರ ನೋಡು."

ದೊಡ್ಡಮ್ಮ ಗುಂಡಿಯನ್ನು ಬಿಗಿಯಾಗಿ ಹಿಡಿದಳು. ಟಿಕ್. ಹೆಬ್ಬೆರಳು ಒತ್ತಿತು. ಟಿಕ್. ಒತ್ತಿತು. ಮತ್ತೆ ಟಿಕ್, ಮತ್ತೆ ಒತ್ತಿತು. ಅಂಚು ಹೊಲಿದ ಹಾಗೆ, ಒಂದೂ ತಪ್ಪದೆ.

ಇವಳು ಎದ್ದು ಬಂದು, ಪಕ್ಕದಲ್ಲಿ ಮೊಣಕಾಲೂರಿ, ಗುಂಡಿಯ ಮೇಲಿಂದ ಆ ಬೆರಳನ್ನು ಸರಿಸಿ ಅಂಗೈಯೊಳಗೆ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಯಂತ್ರ ತನ್ನ ಪಾಡಿಗೆ ತಾನು ಟಿಕ್ ಎನ್ನುತ್ತಿತ್ತು. ಪ್ರತಿ ಸದ್ದಿಗೂ ಆ ಬೆರಳು ಅಂಗೈಯೊಳಗೆ ಮೆಲ್ಲಗೆ ಒತ್ತುತ್ತಿತ್ತು.