ಕೀಸದೆ ಬಿಟ್ಟ ಹಲಗೆ

ಕೊನೆಯ ಹಲಗೆಯನ್ನು ಕೀಸಿ ನಯಮಾಡುವ ಮಷೀನಿನ ಬಾಯಿಗೆ ಕೊಡಬೇಕು ಎನ್ನುವಷ್ಟರಲ್ಲಿ ಟೈಲರಕ್ಕನ ಕಣ್ಣು ತುಂಬಿಬಂತು. ಹಲಗೆ ಕಂಡಿತು, ತನ್ನ ಬೆರಳುಗಳು ಎಲ್ಲಿವೆ ಎನ್ನುವುದೇ ಕಾಣಲಿಲ್ಲ. ಥಟ್ಟನೆ ಗುಂಡಿ ಒತ್ತಿ ನಿಲ್ಲಿಸಿದಳು.

"ಯಾಕಮ್ಮ ನಿಲ್ಲಿಸಿದೆ?" ಮಾಲೀಕರು ಬಾಗಿಲಿನಿಂದಲೇ ಕೂಗಿದರು. "ಮೂರು ಗಂಟೆಗೆ ಪೆಟ್ಟಿಗೆ ಮೇಸ್ತ್ರಿ ಮನೆ ಸೇರ್ಬೇಕು. ಮುಚ್ಚಳ ಒಂದೇ ತಾನೆ ಬಾಕಿ?"

"ಅದೊಂದೇ ಸರ್."

ಹಿಂದಿನ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡಲು ಷೂ ಹಾಕಿಕೊಳ್ಳುತ್ತ ಕುಳಿತ ಮೇಸ್ತ್ರಿ ಮತ್ತೆ ಏಳಲಿಲ್ಲ. ಅವರನ್ನು ಮಣ್ಣಿಗಿಡುವ ಪೆಟ್ಟಿಗೆ ತಾನೇ ಮಾಡುತ್ತೇನೆಂದು ಟೈಲರಕ್ಕ ಹಟ ಹಿಡಿದಿದ್ದಳು. ಹಟಕ್ಕೆ ಕಾರಣವಿತ್ತು. ಮೂರು ವರ್ಷ ಅವರ ಕೈಕೆಳಗೆ ಕಲಿತರೂ ಅವಳ ಕಲಿಕೆ ಪುಸ್ತಕದ ಕೊನೆಯ ಪುಟಕ್ಕೆ ಮೇಸ್ತ್ರಿ ಸಹಿ ಹಾಕಿರಲಿಲ್ಲ. ಈಗ ಹಾಕುವವರೇ ಇಲ್ಲ. ಹಾಗಾದರೆ ಅವರ ಲೆಕ್ಕದಲ್ಲಿ ತಾನು ಕಡೆಗೂ ಲಾಯಕ್ಕಾಗಲಿಲ್ಲವೇ? ಈ ಪೆಟ್ಟಿಗೆಯಾದರೂ ತನ್ನ ಪರವಾಗಿ ಮಾತಾಡಲಿ ಎಂದುಕೊಂಡಿದ್ದಳು.

*

ಮೂವತ್ತೈದು ದಾಟಿದ ಮೇಲೆ ಹೊಲಿಗೆ ಬಿಟ್ಟು ಮರಗೆಲಸಕ್ಕೆ ಬಂದವಳು ಅವಳು. ಹೆಸರು ಮಾತ್ರ ಹೊಲಿಗೆಯದೇ ಉಳಿಯಿತು. ಮೊದಲ ತಿಂಗಳೆಲ್ಲ ಮೇಸ್ತ್ರಿ ಅವಳ ಕೈಗೆ ಪೊರಕೆ ಕೊಟ್ಟಿದ್ದರು. "ಗುಡಿಸ್ತಾ ಸದ್ದು ಕೇಳು. ಅಲಗು ಮೊಂಡಾದ್ರೆ ಮಷೀನೇ ಗೊಣಗುತ್ತೆ, ನಮ್ಮನೆಯವಳ ಥರ."

ಪರೀಕ್ಷೆ ಮೂರು ಸಲ ನಡೆಯಿತು. ಮೊದಲ ಸಲ ಮೈ ಸುಡುವ ಜ್ವರ. ಎರಡನೆಯ ಸಲ ಮಗಳ ಜೊತೆ ರಂಪ ಮಾಡಿಕೊಂಡು ಬಂದಿದ್ದಳು. ಮೂರನೆಯ ಸಲ ನಿದ್ದೆಗೆಟ್ಟು ತಲೆ ಗಿರ್ರೆನ್ನುತ್ತಿತ್ತು. ಪ್ರತಿ ಸಲವೂ ಮೇಸ್ತ್ರಿ ಅವಳ ಮುಖ ನೋಡಿ ಕೇಳುತ್ತಿದ್ದರು, "ಇವತ್ತು ಮಾಡ್ತೀಯಾ?"

"ಮಾಡ್ತೀನಿ ಮೇಸ್ತ್ರಿ."

ಹಲ್ಲು ಕಚ್ಚಿ ಮಾಡಿ ಮುಗಿಸುತ್ತಿದ್ದಳು. ಅವರು ಹಲಗೆಯ ಮೇಲೆ ಹೆಬ್ಬೆರಳಾಡಿಸುತ್ತಿದ್ದರು. "ಹಲಗೆಗೆ ನೂರಕ್ಕೆ ನೂರು. ನೀನು ಇನ್ನೂ ಕಲೀಬೇಕು."

"ಇನ್ನೇನು ಕಲೀಬೇಕು, ಹೇಳಿ!"

ಕನ್ನಡಕ ಒರೆಸುತ್ತ ಹೊರಟೇಹೋಗುತ್ತಿದ್ದರು. ಎಂಥ ಮೊಂಡು ಮನುಷ್ಯ! ಅವಳು ಹೊಟ್ಟೆ ಉರಿದು ಶಾಪ ಹಾಕಿದ್ದೂ ಉಂಟು.

*

"ಕೊಡಮ್ಮ ಇಲ್ಲಿ, ಎರಡು ನಿಮಿಷದ ಕೆಲಸ," ಎಂದು ಹಳೆಯ ಕೆಲಸಗಾರ ದೊಡ್ಡಣ್ಣ ಮುಂದೆ ಬಂದ. ಅವನ ಕಣ್ಣು ಕೆಂಪೇರಿತ್ತು.

ಟೈಲರಕ್ಕ ಮಷೀನಿನ ಬೀಗದ ಕೈ ಕಿತ್ತು ಜೇಬಿಗೆ ಹಾಕಿಕೊಂಡಳು. "ಬೇಡಣ್ಣ. ನೀವೂ ಬೆಳಿಗ್ಗೆಯಿಂದ ಅತ್ತಿದ್ದೀರ."

"ನಾನೆಲ್ಲಿ ಅತ್ತೆ? ಧೂಳು ಕಣಮ್ಮ."

"ಧೂಳೇ ಅಂದ್ಕೊಳ್ಳಿ. ಇವತ್ತು ಇದು ಯಾರ ಕೈಲೂ ಓಡಲ್ಲ."

ಕೈಯಲ್ಲಿ ಕೀಸಲು ಹೊತ್ತಿರಲಿಲ್ಲ. ಮಾಲೀಕರು ತಲೆ ಚಚ್ಚಿಕೊಂಡರು. "ಒರಟು ಹಲಗೆ ಕಳಿಸ್ತೀಯಾ? ಅದೂ ಮೇಸ್ತ್ರಿಗೆ? ನಮ್ಮ ಮಾನ ಹೋಗುತ್ತಲ್ಲೇ!"

"ಹೋಗ್ಲಿ ಸರ್," ಎಂದು ಹಲಗೆಯನ್ನು ಹಾಗೇ ಎತ್ತಿಕೊಂಡಳು.

*

ಮೇಸ್ತ್ರಿ ಮನೆಯ ನಡುಕೋಣೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಸರಿಸಿ ಪೆಟ್ಟಿಗೆ ಇಟ್ಟಿದ್ದರು. ಅವರನ್ನು ಮಲಗಿಸಿ, ಮುಚ್ಚಳ ಹಾಕಿ ಆಗಿತ್ತು.

"ಶಿಷ್ಯೆ ಮಾಡಿದ್ದಂತೆ," ಎಂದು ನೆಂಟರೊಬ್ಬರು ಪಿಸುಗುಟ್ಟಿದರು.

"ಪಕ್ಕ ಎಲ್ಲ ಬೆಣ್ಣೆ. ಮೇಲೆ ನೋಡು, ಸೌದೆ."

ಟೈಲರಕ್ಕ ತಲೆ ಎತ್ತಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಸ್ತ್ರಿಯ ಹೆಂಡತಿ ಬಂದು ಮುಚ್ಚಳದ ಮೇಲೆ ಅಂಗೈ ಇಟ್ಟರು. ಅಂಗೈ ಅಲ್ಲೇ ನಿಂತಿತು.

"ಇದನ್ನ ಯಾರು ಹೀಗೆ ಬಿಟ್ಟಿದ್ದು?"

"ನಾನೇ ಅಮ್ಮ. ಕಣ್ಣು ಮಂಜಾಯ್ತು, ಮಷೀನ್ ನಿಲ್ಲಿಸಿಬಿಟ್ಟೆ. ಬೇರೆಯವರಿಗೂ ಕೊಡ್ಲಿಲ್ಲ. ತಪ್ಪಾಯ್ತು."

"ನೀನಾಗೇ ನಿಲ್ಲಿಸಿದ್ಯಾ?"

"ಹೂಂ."

ಆಕೆ ಟೈಲರಕ್ಕನ ಕಡೆ ತಿರುಗಿದರು. "ದಿನಾ ಸಂಜೆ ಕೇಳ್ತಿದ್ದೆ, ನಿಮ್ಮ ಶಿಷ್ಯೆ ಹೇಗೆ ಕಲೀತಿದ್ದಾಳೆ ಅಂತ. ಹಲಗೆ ಸುದ್ದಿ ಒಂದಿನಾನೂ ಎತ್ತಲಿಲ್ಲ, ಪುಣ್ಯಾತ್ಮ. 'ಇವತ್ತಿಗೂ ಹತ್ತೂ ಇವೆ' ಅಂದು ಊಟಕ್ಕೆ ಕೂರ್ತಿದ್ರು. 'ಆಗಲ್ಲ ಅಂತ ಅವಳಾಗೇ ಮಷೀನ್ ನಿಲ್ಲಿಸ್ಲಿ, ಅವತ್ತೇ ಸಹಿ' ಅಂತಿದ್ರು."

ಪೆಟ್ಟಿಗೆ ಎತ್ತಲು ಬಗ್ಗಿದ್ದ ನಾಲ್ವರೂ ಹಾಗೇ ನಿಂತರು. ಆಕೆ ಟೈಲರಕ್ಕನ ಎರಡೂ ಕೈಗಳನ್ನು ಎಳೆದುಕೊಂಡು, ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಮಡಿಸುತ್ತ, ಪೆಟ್ಟಿಗೆಯ ಕಡೆಗೆ ಮುಖ ಮಾಡಿ ಗಟ್ಟಿಯಾಗಿ ಎಣಿಸತೊಡಗಿದರು.