ಕೀಲೆಣ್ಣೆ ಕುಡಿದ ಲಾರಿ

ಆ ಲಾರಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದಾಗ ಸರ್ವೇಯವರು ಕೊಂಡ ಹಳೇ ಗಾಡಿ ಅದು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ ಹೋಗುವ ಜಾತಿ, ಕೆಸರಿರಲಿ ಮರಳಿರಲಿ ಎಲ್ಲೂ ನಿಲ್ಲುವುದಿಲ್ಲ ಎಂದು ನಮ್ಮ ಮನೆಯ ಯಜಮಾನರು ಸೀನಪ್ಪನವರು ಕೊಚ್ಚಿಕೊಳ್ಳುತ್ತಿದ್ದರು. ನಿಲ್ಲಬೇಕಾದ ಕಡೆ ನಿಂತರೆ ಸಾಕು ಅನ್ನುತ್ತಿದ್ದೆ ನಾನು.

ಐವತ್ತೇಳನೇ ಇಸವಿ. ಅವರಿಂದ ಚಿನ್ನದ ಗಣಿಗಿಳಿಯುವ ಕೆಲಸ ಬಿಡಿಸಿ, ಅದಿರು ಹುಡುಕುವ ಸರ್ವೇ ತಂಡಕ್ಕೆ ಡ್ರೈವರ್ ಆಗಿ ಎಂದು ಪ್ರಾಣ ತಿಂದವಳು ನಾನೇ. ನೆಲದೊಳಗೆ ಬಂಡೆ ಸಿಡಿದರೆ ಉರಿಗಾಂನ ನಮ್ಮ ಲೈನ್ ಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಅವರು ಮೇಲೆ ಬಂದರೆಂದು ತಿಳಿಯುವ ತನಕ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಇನ್ನು ಬೆಳಕಿನಲ್ಲಿರುತ್ತಾರೆ ಎಂದುಕೊಂಡೆ. ಮೊದಲನೇ ಕ್ಯಾಂಪೇ ಮೂರು ತಿಂಗಳದ್ದು ಬಂತು. ಮೊಗಿಲಿ ಘಾಟಿ ಇಳಿದು, ಕಡಪದ ಕಡೆ ಕಾಡಿನಲ್ಲಿ ಡೇರೆ ಹಾಕಬೇಕಂತೆ. ಘಾಟಿ ಎಂದು ಕೇಳಿದ ದಿನದಿಂದ ನನಗೆ ಊಟ ಸೇರದಾಯಿತು.

ಲಾರಿ ಸಿದ್ಧಮಾಡಲು ನಂದಿದುರ್ಗ ಗಣಿಯ ಮೆಕ್ಯಾನಿಕ್ ಪೆರುಮಾಳಣ್ಣ ಹದಿನೈದು ದಿನ ನಮ್ಮ ಲೈನಿನ ಕೊನೆಯ ಬಯಲಿನಲ್ಲೇ ಬೀಡುಬಿಟ್ಟಿದ್ದ. ಭಾರ ಹೊರುವ ಸ್ಪ್ರಿಂಗ್ ಪಟ್ಟಾಗಳಿಗೆ ಇನ್ನೊಂದೊಂದು ಎಲೆ ಸೇರಿಸಿದ. ನೀರಿನ ಪೀಪಾಯಿ ಕೂರಿಸಲು ಎರಡೂ ಪಕ್ಕ ಕಬ್ಬಿಣದ ಚೌಕಟ್ಟು ಹೊಡೆದ. ಮರಳಿಗೆ ಹಾಸುವ ಹಲಗೆ, ಮೇಲಕ್ಕೆ ಹೊಸ ಕ್ಯಾನ್ವಾಸು, ಬ್ರೇಕಿಗೆ ಹೊಸ ಲೈನಿಂಗು. ನಾನು ಸೊಪ್ಪು ಬಿಡಿಸುವ ನೆವದಲ್ಲಿ ಅಲ್ಲೇ ಕೂತು, ಇದು ಮುರಿದರೆ, ಅದು ಕಿತ್ತುಬಂದರೆ ಎಂದು ಕೇಳುತ್ತಲೇ ಇದ್ದೆ.

"ತಂಗಚ್ಚೀ, ನೀನೂ ಕ್ಯಾಂಪಿಗೆ ಓಗ್ಬಿಡು. ನಿನ್ನ ಬಾಯಿಗೆ ಎದ್ರಿ ಯಾವ ಪಾರ್ಟೂ ಕೆಡಲ್ಲ" ಎಂದು ಪೆರುಮಾಳಣ್ಣ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ನಮ್ಮಪ್ಪ ಮುನಿಸ್ವಾಮಪ್ಪ, ಕಾಮಸಮುದ್ರದ ಪಕ್ಕದ ನಮ್ಮೂರಿಂದ ಎತ್ತಿನ ಗಾಡಿ ಹೊಡೆದುಕೊಂಡು ಬಂದ. ಅಳಿಯನ ದಾರಿಗೆಂದು ರಾಗಿ ಹುರಿಹಿಟ್ಟು, ಹುಚ್ಚೆಳ್ಳು ಪುಡಿ ತಂದಿದ್ದ. ಅದೇ ಸಂಜೆ ಯಜಮಾನರು ಲಾರಿಯನ್ನು ಒಂದು ಸುತ್ತು ಓಡಿಸಿ ತಂದು ಮನೆ ಮುಂದೆ ನಿಲ್ಲಿಸಿದರು. ಚಕ್ರಗಳು ಕಿರ್ರೆಂದವು.

ಅವರು ಸಾಮಾನು ತರಲು ಪೇಟೆಗೆ ಹೋದ ಮೇಲೆ ಕೇಳಿದೆ: "ಅಪ್ಪಾ, ಚಕ್ರ ಯಾಕಪ್ಪಾ ಅಂಗೆ ಅರಚ್ತದೆ?"

ನಮ್ಮಪ್ಪ ಐವತ್ತು ವರ್ಷ ಗಾಡಿ ಹೊಡೆದವನು. ಗಾಡಿ ಕಿರುಗುಟ್ಟಿದರೆ ಅಚ್ಚು ಒಣಗಿದೆ ಎಂದೇ ಅವನ ಲೆಕ್ಕ. ದೂರದ ದಾರಿಗೆ ಕೀಲೆಣ್ಣೆ ಬಿಡದೆ ಅವನು ಎತ್ತು ಹೂಡಿದ್ದನ್ನು ನಾನು ಕಂಡಿಲ್ಲ. ತನ್ನ ಗಾಡಿಯಡಿ ತೂಗುತ್ತಿದ್ದ ಬಿದಿರು ಗೊಟ್ಟವನ್ನು ಬಿಚ್ಚಿಕೊಂಡು ಬಂದ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಮಂದ ಎಣ್ಣೆ ಅದರ ತುಂಬ ಇತ್ತು. ಲಾರಿಯಡಿ ತೆವಳಿ, ಚಕ್ರದ ಹಿಂದೆ ತಡವಿ, ರಬ್ಬರಿನ ಬಿರಡೆಯೊಂದನ್ನು ಕಿತ್ತ.

"ನೋಡಮ್ಮಾ ರತ್ನಾ, ಎಣ್ಣೆ ಬಿಡಾಕೇಂತ್ಲೇ ತೂತು ಮಡಗವ್ರೆ. ಆ ಪೆರುಮಾಳು ಮರ್ತವ್ನೆ."

ನಾಲ್ಕು ಚಕ್ರಕ್ಕೂ ಬಿಟ್ಟ. ಲೋಟದಲ್ಲಿ ಬಗ್ಗಿಸಿ ಬಗ್ಗಿಸಿ ಕೊಟ್ಟವಳು ನಾನು. ಎಷ್ಟೋ ದಿನಗಳ ಮೇಲೆ ಆವತ್ತು ಹೊಟ್ಟೆತುಂಬ ಉಂಡೆ.

ಬೆಳಿಗ್ಗೆ ಆರಕ್ಕೆ ಲಾರಿ ಕಿರ್ರೆನ್ನದೆ ಹೊರಟಿತು. ಬಂಗಾರಪೇಟೆಯ ಗೂಡ್ಸ್ ಶೆಡ್ಡಿನಲ್ಲಿ ಸಾಮಾನು ತುಂಬಿ, ಸರ್ವೇ ಅಧಿಕಾರಿ ವೆಂಕಟೇಶಪ್ಪನವರನ್ನು ಹತ್ತಿಸಿಕೊಂಡು ಮಧ್ಯಾಹ್ನದೊಳಗೆ ಬಿಡಬೇಕಿತ್ತು. ಎಂಟೂವರೆಗೆ ಪೆರುಮಾಳಣ್ಣ ಮರೆತ ಸ್ಪ್ಯಾನರ್ ಕೇಳಿಕೊಂಡು ಬಂದ. ನಾನು ಜಂಬದಿಂದಲೇ ಹೇಳಿದೆ: "ನೀನು ಮರ್ತಿದ್ದ ಎಣ್ಣೆ ನಮ್ಮಪ್ಪ ಬಿಟ್ಟವ್ನೆ, ಪೆರುಮಾಳಣ್ಣಾ."

"ಎಲ್ಲಿಗೆ?"

ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. "ಅಯ್ಯಯ್ಯೋ, ಅದು ಬ್ರೇಕು ನೋಡೋ ತೂತಮ್ಮಾ! ಲೈನಿಂಗ್‌ಗೆ ಎಣ್ಣೆ ಬಿದ್ರೆ ಬ್ರೇಕ್ ಎಲ್ಲಿ ಇಡೀತದೆ? ಲೋಡ್ ಆಕ್ಕೊಂಡು ಘಾಟಿ ಇಳಿದ್ರೆ..."

ಒಂಬತ್ತರ ರೈಲಿಗೆ ಓಡಿದೆವು. ಅಪ್ಪನೂ ಬಂದ. ಗಾಡಿಗೆ ಕಟ್ಟಲೆಂದು ಹಿಡಿದಿದ್ದ ಗೊಟ್ಟ ಅವನ ಕೈಯಲ್ಲೇ ಉಳಿದಿತ್ತು. ಆ ರೈಲು ಕೋರಮಂಡಲದಲ್ಲಿ ನಿಂತಿತು, ಸಿಗ್ನಲ್ಲಿಗೆ ನಿಂತಿತು, ಸುಮ್ಮಸುಮ್ಮನೆಯೂ ನಿಂತಿತು. ನಾನು ರೈಲಿನ ಡ್ರೈವರನನ್ನು ಬಾಯಿಗೆ ಬಂದಂತೆ ಬೈದೆ. ಗಣಿಯಲ್ಲೇ ಇರಲಿ ಎಂದು ಬಿಟ್ಟಿದ್ದರೆ ಆಗುತ್ತಿತ್ತಲ್ಲ, ನನ್ನ ಕೈಯಾರೆ ಕೊಂದೆನಲ್ಲ ಎಂದು ಅಳು ಒತ್ತರಿಸಿ ಬಂತು.

ಗೂಡ್ಸ್ ಶೆಡ್ಡಿನ ಗೇಟು ಮುಟ್ಟುವ ಹೊತ್ತಿಗೆ ಲಾರಿ ಹೊರಗೆ ಬರುತ್ತಿತ್ತು. ನಾನು ಹಿಂದೆಮುಂದೆ ನೋಡದೆ ಎರಡೂ ಕೈ ಎತ್ತಿ ಅದರ ಎದುರಿಗೆ ನಿಂತೆ. ಯಜಮಾನರು ನನ್ನನ್ನು ಕಂಡರು, ಬ್ರೇಕು ತುಳಿದರು. ಲಾರಿ ಬರುತ್ತಲೇ ಇತ್ತು.

"ಬ್ರೇಕಿಲ್ಲ, ಓರೆ ತಿರುಗ್ಸು!" ಎಂದು ಪೆರುಮಾಳಣ್ಣ ಕಿರುಚಿದ. ಅಪ್ಪ ನನ್ನ ರಟ್ಟೆ ಹಿಡಿದು ಎಳೆದ. ಯಜಮಾನರು ಕೈಬ್ರೇಕು ಎಳೆದು ಪಕ್ಕದ ಇದ್ದಲ ರಾಶಿಗೆ ಲಾರಿಯನ್ನು ನುಗ್ಗಿಸಿದರು. ನಾನು ನಿಂತಿದ್ದ ಜಾಗದ ಮೇಲೆ ಹಿಂದಿನ ಚಕ್ರ ನಿಂತಿತ್ತು.

ಅವರು ಇಳಿದು ಬಂದರು. "ಬೆಳಿಗ್ಗೆಯಿಂದ್ಲೇ ಸರಿಯಾಗಿ ಇಡೀತಿರ್ಲಿಲ್ಲ ಕಣೇ. ಒಸಾ ಲೈನಿಂಗು, ಪಳಗ್ಬೇಕು ಅಂದ್ಕೊಂಡಿದ್ದೆ" ಎಂದರು.

ಚಕ್ರ ಬಿಚ್ಚಿದಾಗ ಕಪ್ಪನೆ ಎಣ್ಣೆ ತೊಟ್ಟಿಕ್ಕಿತು. "ಯಾರ ಕೆಲಸ ಇದು?" ಎಂದು ವೆಂಕಟೇಶಪ್ಪನವರು ಗದರಿಸಿದರು. "ನಾನೇ" ಎಂದೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ, ಗೊಟ್ಟವನ್ನು ಅವರ ಮುಂದೆ ಇಟ್ಟ.

"ಅವ್ಳು ಲೋಟ ಇಡ್ಕೊಂಡಿದ್ಲು ಅಷ್ಟೇ, ಸೋಮಿ. ಬಿಟ್ಟೋನು ನಾನು."

ವೆಂಕಟೇಶಪ್ಪನವರು ಆ ಗೊಟ್ಟವನ್ನೂ ಅಪ್ಪನನ್ನೂ ಒಂದು ಗಳಿಗೆ ನೋಡಿ, ನಾಳೆ ಹೊರಡೋಣ ಎಂದಷ್ಟೇ ಹೇಳಿ ಹೋದರು.

ಪೆರುಮಾಳಣ್ಣ ಸಂಜೆಯ ತನಕ ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ತಿಕ್ಕಿದ. ಹಿಂದಿನ ಎರಡು ಚಕ್ರದ ಲೈನಿಂಗು ಕೆಲಸಕ್ಕೆ ಬಾರದಷ್ಟು ನೆನೆದಿತ್ತು. ಕಾಡಿಗೆಂದು ಕಟ್ಟಿಟ್ಟಿದ್ದ ಸ್ಪೇರು ಅಲ್ಲೇ ಖರ್ಚಾಯಿತು. ಇನ್ನು ಕಾಡಿನಲ್ಲಿ ಕೆಟ್ಟರೆ ಹಾಕಲು ಏನೂ ಇಲ್ಲ. ಅಪ್ಪ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ನೋಡಿದ.

"ಉಜ್ಜಿದ್ರೇನೇ ನಿಲ್ಲೋದಾ ಇದು?"

"ಊಂ ತಾತಾ. ಆ ಕಿರ್ರೆನ್ನೋದೂ ಉಜ್ಜೋ ಸದ್ದೇ."

"ಉಜ್ಜದಂಗೆ ನೋಡ್ಕಳಾದೇ ನಾನು ಕಲ್ತಿದ್ದು" ಎಂದ ಅಪ್ಪ. ಆವತ್ತು ಅವನು ಊಟ ಮಾಡಲಿಲ್ಲ.

ಮಾರನೇ ಬೆಳಿಗ್ಗೆ ಶೆಡ್ಡಿನಿಂದ ಲಾರಿ ಹೊರಟಾಗ ಅಪ್ಪ ಚಕ್ರಕ್ಕೆ ಕಿವಿಗೊಟ್ಟುಕೊಂಡು ಅದರ ಪಕ್ಕದಲ್ಲೇ ನಡೆದ, ನಾನು ಅವನ ಹಿಂದೆ. ರಸ್ತೆ ಸೇರುವ ಕಡೆ ಯಜಮಾನರು ಬ್ರೇಕು ಒತ್ತಿದರು. ಕಿರ್ರೆಂದಿತು. ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

"ಅರಚ್ತು ಕಣಮ್ಮಾ" ಎಂದ.

ಮುಂದಿನ ತಿರುವಿನಲ್ಲೂ ಅರಚಿತು. ಅದರ ಮುಂದಿನದಕ್ಕೆ ಇಬ್ಬರೂ ರಸ್ತೆಯಲ್ಲೇ ನಿಂತು ಕಾದೆವು. ಅಷ್ಟು ದೂರದ್ದು ಕೇಳಿಸಲಿಲ್ಲ.